ಬಾವಿ ತೊಳೆಸಿದ ಬೇಸಿಗೆ

ಕಳೆದ ತಿಂಗಳು ಅಂಬಲಪಾಡಿಯಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ಅವಳ ಮಗಳ ಮದುವೆಗೆ ಇನ್ನು ನಾಲ್ಕೇ ದಿನ ಇತ್ತು. ಅಂಗಳಕ್ಕೆ ಕಾಲಿಡುವ ಮೊದಲೇ ಮೂಗಿಗೆ ಬಡಿದದ್ದು ಅಡುಗೆಯ ವಾಸನೆಯಲ್ಲ, ಬ್ಲೀಚಿಂಗ್ ಪುಡಿಯ ವಾಸನೆ. ನೆಂಟರು ಬರುತ್ತಾರೆಂದು ಬಾವಿ ತೊಳೆಸಿದ್ದರು. ಕಟ್ಟೆಯ ಮೇಲೆ ಕೆಸರು ಮೆತ್ತಿದ ಹಗ್ಗ, ಬದಿಯಲ್ಲಿ ಬಾವಿಯ ತಳದಿಂದ ಸಿಕ್ಕಿದ ಎರಡು ತೂತು ಕೊಡಪಾನ, ಎಂದೋ ಕಳೆದುಹೋಗಿದ್ದ ಒಂದು ಹಿತ್ತಾಳೆಯ ಚೊಂಬು.  ನಾನು ಕಟ್ಟೆಗೆ ಕೈಯೂರಿ ನಿಂತದ್ದನ್ನು ಕಂಡು ತಂಗಿ, ತಲೆ ತಿರುಗಿತಾ ಅಣ್ಣ ಎಂದು ಕೇಳಿದಳು. ಹೌದು, ಬಿಸಿಲು ಎಂದೆ. ಅದು ಸುಳ್ಳು. ಸುಳ್ಳು ಹೇಳುವುದು ನನಗೆ ಸಲೀಸು. ಈ ಬರಹ ಅಂಥದ್ದೇ ಒಂದು ಸುಳ್ಳಿನ ಬಗ್ಗೆ.

ನಾಲ್ಕು ವರ್ಷಗಳ ಹಿಂದೆ ನಾನು ಕಟಪಾಡಿಯಿಂದ ಸ್ವಲ್ಪ ಒಳಗೆ, ಕಾಪುವಿನ ದಿಕ್ಕಿನಲ್ಲಿ, ಕೆಂಪು ಮುರಕಲ್ಲಿನ ಗುಡ್ಡದ ಮೇಲೆ ಕಟ್ಟಿದ ಫ್ಲ್ಯಾಟುಗಳಲ್ಲಿ ಮೇಲ್ವಿಚಾರಕನಾಗಿದ್ದೆ. ಅದಕ್ಕೆ ಮೊದಲು ನೀರು ಸರಬರಾಜಿನ ಕೆಲಸದಲ್ಲಿ ತಲೆ ಹಣ್ಣಾಗಿಸಿಕೊಂಡು ನಿವೃತ್ತನಾಗಿದ್ದೆ. ಮನೆಯಲ್ಲಿ ಕುಳಿತು ಹೆಂಡತಿಯ ಒಗ್ಗರಣೆಗೆ ಸಲಹೆ ಕೊಡತೊಡಗಿದಾಗ ಅವಳೇ ಈ ಕೆಲಸವನ್ನು ಹುಡುಕಿಸಿ ನನ್ನನ್ನು ಹೊರಗೆ ಕಳಿಸಿದಳು. ಕಡಿಯಾಳಿಯಿಂದ ಬೆಳಿಗ್ಗೆ ಬಸ್ಸು ಹಿಡಿದರೆ ಒಂಬತ್ತಕ್ಕೆ ಗುಡ್ಡದ ಮೇಲೆ. ಲಿಫ್ಟು ನಿಂತರೆ, ಪಂಪು ಕೆಟ್ಟರೆ, ಯಾರದ್ದೋ ಬಾಲ್ಕನಿಯಿಂದ ಇನ್ಯಾರದ್ದೋ ಒಗೆದ ಬಟ್ಟೆಗೆ ನೀರು ಬಿದ್ದರೆ ಎಲ್ಲರಿಗೂ ನನ್ನದೇ ನೆನಪು. ಎಲ್ಲರೂ ನನ್ನನ್ನು ಶೇಖರಣ್ಣ ಎನ್ನುತ್ತಿದ್ದರು.

ಗುಡ್ಡದ ಮೇಲೆ ಫೆಬ್ರವರಿ ಮುಗಿಯುವಾಗಲೇ ನೀರಿನ ತಾಪತ್ರಯ ಶುರುವಾಗುತ್ತಿತ್ತು. ನಮ್ಮ ತೋಟಕ್ಕೆ ಟ್ಯಾಂಕರಿನಲ್ಲಿ ನೀರು ತರಿಸುತ್ತಿದ್ದೆವು. ಅದೇ ಹೊತ್ತಿಗೆ ನಮ್ಮ ಅಷ್ಟೂ ಮನೆಗಳ ಬಚ್ಚಲು, ಕಕ್ಕಸಿನ ನೀರು ಹಿಂಬದಿಯ ಶುದ್ಧೀಕರಣ ಘಟಕದಲ್ಲಿ ತಿಳಿಯಾಗಿ, ವಾಸನೆಯೂ ಇಲ್ಲದೆ, ಸುಮ್ಮನೆ ಚರಂಡಿಗೆ ಹೋಗುತ್ತಿತ್ತು. ಒಂದು ಕಡೆ ನೀರನ್ನು ಹೊತ್ತು ತರುವುದು, ಇನ್ನೊಂದು ಕಡೆ ಚೆಲ್ಲುವುದು. ಇದನ್ನು ಮೊದಲು ಬಾಯಿಬಿಟ್ಟು ಹೇಳಿದವನು ತೋಟದ ಕೆಲಸದ ಹನುಮಂತ. ಬಾದಾಮಿಯ ಕಡೆಯವನು. ಕಟ್ಟಡದ ಕೆಲಸಕ್ಕೆಂದು ಬಂದು, ಕಟ್ಟಡ ಮುಗಿದ ಮೇಲೆ ಅದರ ಸುತ್ತಲಿನ ಗಿಡ ನೋಡಿಕೊಂಡು ಉಳಿದವನು. ಹೆಂಡತಿಯೊಂದಿಗೆ ಪಂಪ್ ಹೌಸಿನ ಪಕ್ಕದ ಕೋಣೆಯಲ್ಲಿದ್ದ. "ನಮ್ಮೂರಾಗ ಇಂಥಾ ನೀರ ಸಿಕ್ರ ಊರ ಮಂದಿ ಸಾಲ ಹಚ್ಚಿ ನಿಲ್ತಾರ್ರೀ ಸರ್. ನೀವು ಗಟಾರಕ್ಕ ಬಿಡ್ತೀರಿ," ಎಂದಿದ್ದ.

ಅವನು ಹೇಳಿದ್ದು ಸರಿ ಇತ್ತು. ಆದರೆ ಪೈಪು ಜೋಡಿಸಿ ನೀರು ಬಿಡುವಂತಿಲ್ಲ. ಶುದ್ಧೀಕರಿಸಿದ ನೀರನ್ನು ತೋಟಕ್ಕೆ ಬಳಸಲು ಅನುಮತಿ ಬೇಕು. ನಿವಾಸಿಗಳ ಸಂಘದ ಸಭೆಯಲ್ಲಿ ವಿಷಯ ಇಟ್ಟೆ. ಒಂದೂವರೆ ಗಂಟೆ ಚರ್ಚೆಯಾಯಿತು, ಅದರಲ್ಲಿ ಒಂದು ಗಂಟೆ ದಾಸವಾಳದ್ದು. ಆ ನೀರು ಕುಡಿದ ಗಿಡದ ಹೂವನ್ನು ದೇವರಿಗೆ ಇಡಬಹುದೇ ಎಂಬ ಪ್ರಶ್ನೆ ಎದ್ದಿತು. ಮೂರನೇ ಮಹಡಿಯ ಒಬ್ಬರು ಗಂಗೆಗೆ ಏನೇನು ಸೇರುತ್ತದೆ ಗೊತ್ತೇ ಎಂದರು. ಅವರನ್ನು ಎಲ್ಲರೂ ಸೇರಿ ಕೂರಿಸಿದರು. ಕೊನೆಗೆ ತುಳಸಿ, ದಾಸವಾಳ, ಕೇಪಳದ ಸಾಲಿಗೆ ಟ್ಯಾಂಕರಿನ ನೀರು, ಲಾನಿಗೂ ನೆರಳಿನ ಮರಗಳಿಗೂ ಘಟಕದ ನೀರು ಎಂದು ತೀರ್ಮಾನವಾಯಿತು. ಸಂಘದ ಅಧ್ಯಕ್ಷರು ನಿವೃತ್ತ ಪ್ರಾಂಶುಪಾಲರು. ಮಾರ್ಚ್ ಒಳಗೆ ಅನುಮತಿ ಸಿಗದಿದ್ದರೆ ಲಾನನ್ನು ಕಿತ್ತು ಇಂಟರ್‌ಲಾಕ್ ಕಲ್ಲು ಹಾಸಿಬಿಡೋಣ, ಆಗ ನೀರೂ ಬೇಡ, ಮಾಲಿಯೂ ಬೇಡ ಎಂದು ಹೇಳಿ ಸಭೆ ಮುಗಿಸಿದರು. ಹನುಮಂತ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ.

ಅಲ್ಲಿಂದ ನನ್ನ ಫೈಲಿನ ದಿನಗಳು ಆರಂಭವಾದವು. ಮಣಿಪಾಲದ ಮಾಲಿನ್ಯ ನಿಯಂತ್ರಣ ಕಚೇರಿಯಲ್ಲಿ ನಮ್ಮ ಅರ್ಜಿ ನೋಡುತ್ತಿದ್ದವರು ಒಬ್ಬ ಯುವ ಮಹಿಳಾ ಅಧಿಕಾರಿ. ಮಾತು ಕಡಿಮೆ, ಕೆಲಸ ಕಟ್ಟುನಿಟ್ಟು. ಅವರನ್ನು ದೂರುವುದಕ್ಕೆ ನನ್ನ ಬಳಿ ಏನೂ ಇಲ್ಲ. ಘಟಕದ ನೀರಿನ ಪರೀಕ್ಷೆಯ ವರದಿಗಳು, ತೋಟದ ನಕ್ಷೆ, ಗಿಡಗಳ ಪಟ್ಟಿ, ನೇರಳೆ ಬಣ್ಣದ ಬೇರೆ ಪೈಪು, ಮಕ್ಕಳ ಕೈಗೆ ಸಿಗದ ಹಾಗೆ ಬೀಗ ಇರುವ ನಲ್ಲಿ, 'ಈ ನೀರು ಕುಡಿಯಲು ಅಲ್ಲ' ಎಂಬ ಫಲಕ. ಒಂದೊಂದನ್ನೂ ಕೇಳಿದರು, ಒಂದೊಂದಕ್ಕೂ ಕಾರಣ ಹೇಳಿದರು. ನಾನು ವಾರಕ್ಕೆರಡು ಸಲ ಮಣಿಪಾಲದ ಏರು ಹತ್ತುತ್ತಿದ್ದೆ. ಫೈಲು ದಪ್ಪವಾಯಿತು, ಬಿಸಿಲೂ ಏರಿತು. ಒಂದು ದಿನ ಅವರು ನಕ್ಷೆಯ ಮೇಲೆ ಪೆನ್ನು ಇಟ್ಟು, ತೋಟದ ಇಳಿಜಾರಿನ ಕೆಳಗೆ ಹತ್ತಿರದ ಕುಡಿಯುವ ನೀರಿನ ಬಾವಿ ಯಾವುದು ಎಂದು ಕೇಳಿದರು. ತೋಟಕ್ಕೆ ನೀರು ಬಿಡುವ ಮೊದಲು ಆ ಬಾವಿ ಹೇಗಿತ್ತು ಎಂಬುದಕ್ಕೆ ಒಂದು ವರದಿ ಬೇಕು, ಮಳೆಗಾಲ ಕಳೆದ ಮೇಲೆ ಇನ್ನೊಂದು. ಎರಡನ್ನೂ ಹೋಲಿಸಿದರೆ ನಮ್ಮ ನೀರಿನಿಂದ ತೊಂದರೆ ಆಯಿತೋ ಇಲ್ಲವೋ ತಿಳಿಯುತ್ತದೆ. "ಮೊದಲನೆಯ ವರದಿಯೇ ಮುಖ್ಯ. ಅದು ಸರಿ ಇಲ್ಲದಿದ್ದರೆ ಮುಂದಿನ ಯಾವುದಕ್ಕೂ ಅರ್ಥ ಇಲ್ಲ," ಎಂದರು.

ಹತ್ತಿರದ ಬಾವಿ ಜೆಸಿಂತಾ ಬಾಯಿಯದ್ದು. ಕ್ರೈಸ್ತ ಮನೆಯ ಹೆಂಗಸನ್ನು ಬಾಯಿ, ಗಂಡಸನ್ನು ಪೊರ್ಬು ಎಂದು ಗೌರವದಿಂದ ಕರೆಯುವುದು ನಮ್ಮ ಕಡೆಯ ವಾಡಿಕೆ. ಗುಡ್ಡದ ಬುಡದಲ್ಲಿ, ನಮ್ಮ ಕಾಂಪೌಂಡಿನಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಅವರ ಹೆಂಚಿನ ಮನೆ. ಮನೆಯ ಎದುರು ಹತ್ತು ಹದಿನೈದು ಮಲ್ಲಿಗೆಯ ಬುಡಗಳು. ಬೆಳಿಗ್ಗೆ ಮೊಗ್ಗು ಕೊಯ್ದು, ಚೆಂಡು ಕಟ್ಟಿ, ಕಟಪಾಡಿಗೆ ಕಳಿಸುತ್ತಿದ್ದರು. ಗಂಡ ಲಾರೆನ್ಸ್ ಪೊರ್ಬುಗಳು ಕುವೈತಿನಲ್ಲಿ ಕ್ರೇನ್ ನಡೆಸುವ ಕೆಲಸದಲ್ಲಿದ್ದವರು, ರಜೆಗೆ ಬಂದಿದ್ದರು. ಜುಲೈಯಲ್ಲಿ ಮರಳಿ ಹೋಗುವುದಿತ್ತು. ಇನ್ನು ನಾಲ್ಕು ವರ್ಷ ದುಡಿದರೆ ಸಾಕು, ಆಮೇಲೆ ಮಲ್ಲಿಗೆ ಕಟ್ಟಿಕೊಂಡು ಇರುತ್ತೇನೆ ಎಂದು ಹೇಳುತ್ತಿದ್ದರು. ಬಾಯಿ ಬಾಯ್ತುಂಬ ಮಾತನಾಡುವ ಹೆಂಗಸು. ಗೋಡೆಯ ಆಚೆಯಿಂದ ಹನುಮಂತನಿಗೆ ಮಲ್ಲಿಗೆ ಕಡಿಯುವ ಕಾಲ ಹೇಳಿಕೊಡುತ್ತಿದ್ದರು, ಅವನ ಹೆಂಡತಿಗೆ ಒಣಮೀನಿನ ಚಟ್ನಿ ಕೊಟ್ಟು ಅವಳು ಹೆದರಿ ಓಡಿದ್ದನ್ನು ನನಗೆ ಹೇಳಿ ನಗುತ್ತಿದ್ದರು.

ನಾನೇ ಅವರ ಮನೆಗೆ ಹೋಗಿ ಹೇಳಿದೆ. ನಾಡಿದ್ದು ಆಫೀಸಿನವರು ಬಾವಿ ನೋಡಲಿಕ್ಕೆ ಬರ್ತಾರೆ ಬಾಯಿ, ನೀರು ಸ್ವಲ್ಪ ಬಾಟಲಿಗೆ ತೆಗೆದುಕೊಂಡು ಹೋಗ್ತಾರೆ, ನಿಮಗೆ ತೊಂದರೆ ಏನಿಲ್ಲ ಎಂದೆ. ಅವರು ಸಂತೋಷದಿಂದ ಒಪ್ಪಿದರು. ನೀರು ಇದ್ದ ಹಾಗೆಯೇ ಇರಲಿ, ಏನೂ ಮಾಡಬೇಡಿ ಎಂಬ ಒಂದು ಮಾತನ್ನು ನಾನು ಸೇರಿಸಬೇಕಿತ್ತು. ಅದು ನನಗೆ ಹೊಳೆಯಲೇ ಇಲ್ಲ. ಈ ಊರಿನಲ್ಲೇ ಹುಟ್ಟಿ ಬೆಳೆದವನಿಗೆ ಹೊಳೆಯಬೇಕಿತ್ತು.

ಆ ದಿನ ಪ್ರಯೋಗಾಲಯದ ಒಬ್ಬರು ಬಂದರು. ಅವರಿಗೆ ಇನ್ನೂ ಎರಡು ಕಡೆ ಹೋಗುವುದಿತ್ತು. ಅವರು ಮೇಲೆ ಘಟಕದ ನೀರು ತೆಗೆದುಕೊಳ್ಳುತ್ತಿದ್ದಾಗ, ಹೊತ್ತು ಉಳಿಯಲಿ ಎಂದು ನಾನೇ ಬಾಟಲಿ ಮತ್ತು ನಮೂನೆಯ ಕಾಗದ ಹಿಡಿದು ಕೆಳಗಿಳಿದೆ. ಇಂಥ ಬಾಟಲಿಗಳನ್ನು ನಾನು ಸರ್ವಿಸಿನಲ್ಲಿ ಎಷ್ಟು ತುಂಬಿಸಿದ್ದೇನೋ ಲೆಕ್ಕವಿಲ್ಲ. ಬಾಯಿಯ ಅಂಗಳ ತಲುಪುವ ಮೊದಲೇ ವಾಸನೆ ಬಂತು. ಬಾವಿಯ ಸುತ್ತ ಹಸಿ ಕೆಸರಿನ ರಾಶಿ. ಕಟ್ಟೆಗೆ ಹೊಸ ಸುಣ್ಣ. ಬಾಯಿ ಇಸ್ತ್ರಿ ಮಾಡಿದ ಸೀರೆಯಲ್ಲಿ ನಿಂತಿದ್ದರು. ಇಬ್ಬರು ಆಳುಗಳನ್ನು ಇಳಿಸಿ, ಪಂಪು ಹಚ್ಚಿ ನೀರೆಲ್ಲ ಬತ್ತಿಸಿ, ಕೆಸರು ಎತ್ತಿಸಿ, ಒಸರು ತುಂಬಿದ ಮೇಲೆ ಬ್ಲೀಚಿಂಗ್ ಪುಡಿ ಹಾಕಿಸಿದ್ದರು. ಒಂದೂವರೆ ದಿನದ ಕೆಲಸ.

ಎಂತಕ್ಕೆ ಇದೆಲ್ಲ ಬಾಯಿ ಎಂದು ಕೇಳಿದ್ದಕ್ಕೆ ಅವರು, "ಮನೆಗೆ ಜನ ಬರುವಾಗ ಅಂಗಳ ಗುಡಿಸದೆ ಇರ್ತಾರಾ ಶೇಖರಣ್ಣ? ಅದೂ ಬಾವಿ ನೋಡ್ಲಿಕ್ಕೆ ಅಂತಲೇ ಬರುವಾಗ," ಎಂದರು. ನೀರು ಈಗ ಕನ್ನಡಿಯ ಹಾಗೆ ಉಂಟು, ಮೊದಲ ಮಳೆಗೆ ಪ್ರತಿ ವರ್ಷ ಸ್ವಲ್ಪ ವಾಸನೆ ಬರ್ತದೆ, ಅದಕ್ಕೇ ನಾವು ಕುದಿಸದೆ ಕುಡಿಯುವುದಿಲ್ಲ, ಈ ಸಲ ಅದೂ ಹೋಗಬಹುದು ಎಂದೂ ಹೇಳಿದರು. ಲಾರೆನ್ಸ್ ಪೊರ್ಬುಗಳು ನನಗೆ ಕುರ್ಚಿ ಹಾಕಿದರು. ಬಾಯಿ ತಟ್ಟೆಯಲ್ಲಿ ಬೆಲ್ಲದ ತುಂಡು, ಸ್ಟೀಲಿನ ಲೋಟದಲ್ಲಿ ನೀರು ತಂದಿಟ್ಟರು. ಬಿಸಿಲಲ್ಲಿ ಬಂದವರಿಗೆ ನಮ್ಮ ಕಡೆ ಹಿಂದಿನಿಂದ ಕೊಡುವುದೇ ಇದು, ಯಾರ ಮನೆಯಾದರೂ. ಬಾವಿ ತೊಳೆಸಿದ ಧೈರ್ಯದಲ್ಲಿ, ಕುದಿಸದೆ ತಂದ, ಹೊಸದಾಗಿ ಸೇದಿದ ನೀರು. ತುಟಿಯ ಹತ್ತಿರ ತಂದಾಗ ಮದ್ದಿನ ಘಾಟು ಮೂಗಿಗೇರಿತು. ಅವರು ಒಳಗೆ ಹೋದ ಹೊತ್ತಿನಲ್ಲಿ ಬೆಲ್ಲವನ್ನು ಬಾಯಿಗೆ ಹಾಕಿಕೊಂಡು ಲೋಟವನ್ನು ಹಾಗೇ ಕೆಳಗಿಟ್ಟೆ.

ಆಮೇಲೆ ಬಾಟಲಿ ತುಂಬಿಸಿದೆ. ನಮೂನೆಯಲ್ಲಿ ಒಂದು ಪ್ರಶ್ನೆ ಇತ್ತು. ಕಳೆದ ಹದಿನೈದು ದಿನಗಳಲ್ಲಿ ಬಾವಿಗೆ ಬ್ಲೀಚಿಂಗ್ ಪುಡಿ ಅಥವಾ ಇತರ ಔಷಧಿ ಹಾಕಲಾಗಿದೆಯೇ? ಹೌದು, ಇಲ್ಲ. ಕಟ್ಟೆಯ ಹೊಸ ಸುಣ್ಣ ಹತ್ತದ ಹಾಗೆ ಕಾಗದವನ್ನು ಮೊಣಕಾಲಿನ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ಕುಳಿತೆ. ಹೌದು ಎಂದು ಬರೆದರೆ ಈ ಬಾಟಲಿ ದಂಡ. ಮದ್ದಿನ ಅಂಶ ಹೋಗುವವರೆಗೆ ಕಾದು ಮತ್ತೆ ತೆಗೆಯಬೇಕು, ಪ್ರಯೋಗಾಲಯದವರ ಸರದಿ ಮತ್ತೆ ಹಿಡಿಯಬೇಕು, ಅಷ್ಟರಲ್ಲಿ ಮಾರ್ಚ್ ಮುಗಿದು ಲಾನಿಗೆ ಕಲ್ಲು ಬೀಳುತ್ತದೆ, ಹನುಮಂತ ಗಂಟುಮೂಟೆ ಕಟ್ಟುತ್ತಾನೆ. ಬಾಯಿಯ ಒಂದೂವರೆ ದಿನದ ಸಂಭ್ರಮವನ್ನು ಅವರ ಎದುರೇ ತಪ್ಪು ಎನ್ನಬೇಕು. ಇವೆಲ್ಲ ಆಗ ಹೊಳೆದ ಕಾರಣಗಳು, ಎಲ್ಲವೂ ನಿಜವೇ. ಆದರೆ ಇನ್ನೂ ಒಂದಿತ್ತು. ಮದ್ದು ಬಿದ್ದ ನೀರಿನಲ್ಲಿ ರೋಗಾಣು ಸಿಗುವುದಿಲ್ಲ, ವರದಿ ಚೆನ್ನಾಗಿ ಬರುತ್ತದೆ ಎಂಬುದು ನನಗೆ ಗೊತ್ತಿತ್ತು, ಚೆನ್ನಾದ ವರದಿ ನನ್ನ ಫೈಲಿಗೆ ಬೇಕಿತ್ತು, ಮಣಿಪಾಲದ ಆ ಏರು ಹತ್ತಿ ಹತ್ತಿ ನನಗೆ ಸಾಕಾಗಿತ್ತು. 'ಇಲ್ಲ' ಎಂಬುದಕ್ಕೆ ಗುರುತು ಹಾಕಿ ಸಹಿ ಮಾಡಿದೆ.

ವರದಿ ಬಂತು. ನೀರು ಕುಡಿಯಲು ಯೋಗ್ಯವಾಗಿದೆ. ಮಾರ್ಚ್ ಕೊನೆಯ ವಾರದಲ್ಲಿ ಅನುಮತಿಯೂ ಬಂತು. ಅಧ್ಯಕ್ಷರು ನನ್ನ ಕೈ ಕುಲುಕಿದರು. ನೇರಳೆ ಪೈಪಿನ ವಾಲ್ವ್ ತಿರುಗಿಸುವಾಗ ಹನುಮಂತ ಅದಕ್ಕೊಂದು ಊದುಬತ್ತಿ ಹಚ್ಚಿದ. ಯಾವ ನೀರಿಗೆ ಊದುಬತ್ತಿ ಹಚ್ಚುತ್ತಿದ್ದೀಯ ಗೊತ್ತುಂಟಾ ಎಂದು ನಾನು ರೇಗಿಸಿದೆ. "ನೀರ ನೀರ ಐತ್ರೀ ಸರ್," ಎಂದ. ಹದಿನೈದು ದಿನದಲ್ಲಿ ಲಾನು ತಿರುಗಿ ಹಸಿರಾಯಿತು. ಇಳಿಜಾರಿನ ಕಡೆಗೆ ನೀರು ಹರಿಯಬಾರದು ಎಂಬ ಷರತ್ತು ಇತ್ತು. ಆ ಬದಿಗೆ ಹನುಮಂತ ಒಂದು ಬದು ಹಾಕಿ, ಅದರಾಚೆಗೆ ಪೈಪನ್ನೇ ಒಯ್ಯಲಿಲ್ಲ. ಅವನು ವಾಲ್ವ್ ತೆರೆದ ಮತ್ತು ಮುಚ್ಚಿದ ಹೊತ್ತನ್ನು ಒಂದು ಶಾಲೆಯ ನೋಟ್‌ಬುಕ್ಕಿನಲ್ಲಿ ಗುಂಡಗಿನ ಅಕ್ಷರಗಳಲ್ಲಿ ಬರೆಯುತ್ತಿದ್ದ. ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ನನ್ನ ಇಡೀ ಸರ್ವಿಸಿನಲ್ಲಿ ನಾನು ಕಂಡದ್ದು ಕಡಿಮೆ.

ಬಾವಿಯ ವರದಿಯ ಒಂದು ಪ್ರತಿಯನ್ನು ಬಾಯಿಗೆ ಕೊಡಬೇಕಾದದ್ದು ನಿಯಮ. ಕೊಡಲು ಹೋದವನು ನಾನೇ. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದು ಓದಿದರು. ಮುಂದಿನ ಸಲ ಹೋದಾಗ ಅದು ಪ್ಲಾಸ್ಟಿಕ್ ಹೊದಿಕೆಯೊಳಗೆ, ಅಡುಗೆಕೋಣೆಯ ಗೋಡೆಯಲ್ಲಿ, ಇಗರ್ಜಿಯ ಕ್ಯಾಲೆಂಡರಿನ ಪಕ್ಕ ತೂಗುತ್ತಿತ್ತು. ಬಂದವರಿಗೆಲ್ಲ ತೋರಿಸುತ್ತಿದ್ದರಂತೆ. ಒಲೆಯ ಮೇಲೆ ಯಾವಾಗಲೂ ಇರುತ್ತಿದ್ದ ದೊಡ್ಡ ಪಾತ್ರೆ ಅಲ್ಲಿರಲಿಲ್ಲ. ನಾನು ಅದನ್ನು ಗಮನಿಸಿದ್ದು ಅವರಿಗೆ ಗೊತ್ತಾಯಿತೋ ಏನೋ. "ಈಗ ನೀರು ಕುದಿಸುವ ಕೆಲಸ ಇಲ್ಲ ಶೇಖರಣ್ಣ. ಕಾಗದವೇ ಉಂಟಲ್ಲ, ಅಲ್ವಾ?" ಎಂದರು.

ಕುದಿಸಿ ಬಾಯಿ, ಯಾವುದಕ್ಕೂ ಇರಲಿ ಎಂದು ಹೇಳಲು ಎಷ್ಟು ಹೊತ್ತು ಬೇಕು? ಕಾರಣ ಕೂಡ ಹೇಳಬೇಕಿರಲಿಲ್ಲ. ನಾನು ಹೇಳಲಿಲ್ಲ. ಹೇಳಿದರೆ ಎಂತಕ್ಕೆ ಎಂದು ಕೇಳುತ್ತಾರೆ, ಅವರು ಕೇಳದೆ ಬಿಡುವವರಲ್ಲ, ಒಂದು ಎಳೆ ಎಳೆದರೆ ಇಡೀ ಬಟ್ಟೆ ಬಿಚ್ಚಿಕೊಳ್ಳುತ್ತದೆ ಎಂದು ಹೆದರಿದೆ. ಹೌದು ಎಂಬಂತೆ ತಲೆಯಾಡಿಸಿ, ಮಲ್ಲಿಗೆಯ ವಿಷಯ ತೆಗೆದೆ. ನಮೂನೆಯಲ್ಲಿ ಹಾಕಿದ ಗುರುತಿಗಿಂತ ಆ ತಲೆಯಾಡಿಸಿದ್ದೇ ನನಗೆ ಈಗ ಹೆಚ್ಚು ಚುಚ್ಚುತ್ತದೆ.

ಮಳೆ ಜೂನ್ ಮೊದಲ ವಾರವೇ ಹಿಡಿಯಿತು. ಮುರಕಲ್ಲು ನೀರನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ತೂತು ತೂತುಗಳಲ್ಲಿ ಎಲ್ಲಿಂದ ಎಲ್ಲಿಗೋ ಇಳಿಸಿಬಿಡುತ್ತದೆ. ಬಾಯಿಯ ಬಾವಿ ಒಂದೇ ವಾರದಲ್ಲಿ ಕೈಗೆ ಎಟುಕುವಷ್ಟು ಏರಿತು. ತಿಂಗಳು ಮುಗಿಯುವ ಹೊತ್ತಿಗೆ ಲಾರೆನ್ಸ್ ಪೊರ್ಬುಗಳು ಜ್ವರದಿಂದ ಮಲಗಿದರು. ಕಣ್ಣು ಹಳದಿಯಾಯಿತು. ಕಾಮಾಲೆ. ಉಡುಪಿಯ ವೈದ್ಯರು ನೀರಿನಿಂದ ಬಂದಿರಬೇಕು ಎಂದರಂತೆ. ನಾನು ಆಸ್ಪತ್ರೆಗೆ ಹೋಗಿ ನೋಡಿದೆ. ಮಂಚದ ಪಕ್ಕ ನಿಂತು ಬಾಯಿ, ನೀರಿನಿಂದ ಹೇಗಾಗ್ತದೆ, ನಮ್ಮ ನೀರು ಚೆನ್ನಾಗಿ ಉಂಟಲ್ಲ, ಹೊರಗೆ ಎಲ್ಲೋ ಜ್ಯೂಸ್ ಕುಡಿದಿರಬೇಕು ಎಂದು ಗಂಡನನ್ನೇ ಗದರಿಸುತ್ತಿದ್ದರು. ನಾನು ತಂದಿದ್ದ ಎಳನೀರುಗಳನ್ನು ಮಂಚದ ಕೆಳಗಿಟ್ಟು ಹಿಂದಿರುಗಿದೆ. ಪೊರ್ಬುಗಳಿಗೆ ಗುಣವಾಯಿತು, ಆದರೆ ಎದ್ದು ಓಡಾಡಲು ಆಗಸ್ಟ್ ಬಂತು. ಕೆಲಸಕ್ಕೆ ಹಾಜರಾಗುವ ದಿನ ದಾಟಿತ್ತು. ಕುವೈತಿನಲ್ಲಿ ಅವರ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡಿದ್ದರು.

ಅಕ್ಟೋಬರಿನಲ್ಲಿ ಎರಡನೆಯ ಪರೀಕ್ಷೆ. ಈ ಸಲ ಪ್ರಯೋಗಾಲಯದವರೇ ಕೆಳಗಿಳಿದು ನೀರು ತೆಗೆದರು. ನೀರು ಕೆಟ್ಟಿತ್ತು, ಕುಡಿಯಲು ಯೋಗ್ಯವಲ್ಲ ಎಂದು ವರದಿ ಬಂತು. ಅಧಿಕಾರಿ ಎರಡೂ ಕಾಗದಗಳನ್ನು ಅಕ್ಕಪಕ್ಕ ಇಟ್ಟು ನನ್ನನ್ನು ನೋಡಿದರು. ನೀರು ಬಿಡುವ ಮೊದಲು ಶುದ್ಧ, ಬಿಟ್ಟ ಮೇಲೆ ಕೊಳಕು. ಹೀಗಿರುವಾಗ ನಾನು ಬೇರೆ ಏನು ಅಂದುಕೊಳ್ಳಲಿ ಎಂದು ಕೇಳಿದರು. ಮೊದಲನೆಯ ಸಲ ಬಾವಿಯಲ್ಲಿ ಏನಾದರೂ ವಿಶೇಷ ಇತ್ತೇ ಎಂದೂ ಕೇಳಿದರು. ಬಾಗಿಲು ಅಲ್ಲಿ ತೆರೆದೇ ಇತ್ತು, ಅವರೇ ತೆರೆದು ಹಿಡಿದಿದ್ದರು. ಇಲ್ಲ ಮೇಡಂ ಎಂದೆ. ಒಂದು ಸಲ ಬರೆದದ್ದನ್ನು ಇನ್ನೊಂದು ಸಲ ಹೇಳುವುದು ಸುಲಭ. ಅನುಮತಿಯನ್ನು ತಡೆಹಿಡಿದರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಬಾಯಿಯ ಬಾವಿ ಮೊದಲಿನಿಂದಲೂ ಮಳೆಗಾಲಕ್ಕೆ ಕೆಡುತ್ತಿತ್ತೇ, ಅಥವಾ ನಮ್ಮ ನೀರೇ ಇಳಿಯಿತೇ? ಅವರದ್ದೇ ಹಳೆಯ ಕಕ್ಕಸಿನ ಗುಂಡಿ ಬಾವಿಯ ಮೇಲುಬದಿಯಲ್ಲಿತ್ತು. ಪ್ರತಿ ವರ್ಷ ವಾಸನೆ ಬರುತ್ತದೆ ಎಂದು ಅವರೇ ಹೇಳಿದ್ದರು. ಹಾಗಾಗಿ ಮೊದಲನೆಯದೇ ಇರಬೇಕು ಎಂದು ನನಗೆ ಅನ್ನಿಸುತ್ತದೆ. ಆದರೆ ಖಚಿತವಾಗಿ ಹೇಳಲಾರೆ, ಯಾರೂ ಹೇಳಲಾರರು. ತಿಳಿಯಲು ಇದ್ದದ್ದು ಒಂದೇ ದಾರಿ, ಅದನ್ನು ನಾನು ಮೊಣಕಾಲಿನ ಮೇಲಿಟ್ಟ ಕಾಗದದಲ್ಲಿ ಮುಚ್ಚಿಬಿಟ್ಟಿದ್ದೆ.

ಸಂಘದವರಿಗೆ ಖಚಿತವಾಗಿ ಗೊತ್ತಿತ್ತು. ಮಾಲಿ ಇಳಿಜಾರಿನ ಕಡೆ ನೀರು ಬಿಟ್ಟಿರಬೇಕು, ವಾಲ್ವ್ ತೆರೆದಿಟ್ಟು ಮಲಗಿರಬೇಕು ಎಂದರು. ಹನುಮಂತ ತನ್ನ ನೋಟ್‌ಬುಕ್ಕು ತಂದು ಮೇಜಿನ ಮೇಲಿಟ್ಟ. ಯಾರೂ ಬಿಡಿಸಿ ನೋಡಲಿಲ್ಲ. ಅವನು ನನ್ನ ಕಡೆ ತಿರುಗಿ, "ಆ ಕಡೆ ನಾ ನೀರ ಬಿಟ್ಟೇ ಇಲ್ರೀ ಸರ್. ನಿಮಗ ಗೊತ್ತೈತಲ್ರೀ," ಎಂದ. ಇವನು ಹಾಗೆ ಮಾಡುವವನಲ್ಲ ಎಂದು ನಾನು ಮೆಲ್ಲಗೆ ಹೇಳಿದ್ದು ಹೌದು. ಹಾಗೆ ಹೇಳಿದ್ದನ್ನು ಬಹಳ ಕಾಲ ಒಂದು ದೊಡ್ಡ ಉಪಕಾರ ಎಂಬಂತೆ ನೆನಪಿಟ್ಟುಕೊಂಡಿದ್ದೆ. ಹೇಳಬೇಕಾದ ಮಾತು ಅದಾಗಿರಲಿಲ್ಲ. ಲಾನು ಕಿತ್ತು ಕಲ್ಲು ಹಾಸಿದರು. ಹನುಮಂತ ಮತ್ತು ಅವನ ಹೆಂಡತಿ ಎರಡು ಚೀಲ, ಒಂದು ಮಲ್ಲಿಗೆಯ ಸಸಿ ಹಿಡಿದು ಹೊರಟರು. ಸಸಿ ಬಾಯಿ ಕೊಟ್ಟದ್ದು. ನಿನ್ನ ಮೇಲೆ ನನಗೆ ಸಿಟ್ಟಿಲ್ಲ, ಬೇಕೆಂದು ಯಾರೂ ಮಾಡುವುದಿಲ್ಲ ಎಂದು ಹೇಳಿ ಕೊಟ್ಟರಂತೆ. ಅವರೂ ಅವನೇ ಮಾಡಿದ್ದು ಎಂದು ನಂಬಿದ್ದರು. ಮಾಡದ ತಪ್ಪಿಗೆ ಕ್ಷಮೆಯನ್ನೂ ಪಡೆದು ಅವನು ಹೋದ. ಮುಂದಿನ ವರ್ಷ ನಾನೂ ಕೆಲಸ ಬಿಟ್ಟೆ. ಮಂಡಿನೋವು ಎಂದು ಹೇಳಿದೆ.

ಅಂಬಲಪಾಡಿಯಲ್ಲಿ ಬಾವಿಕಟ್ಟೆಗೆ ಕೈಯೂರಿ ನಿಂತಾಗ ಇದೆಲ್ಲ ಒಟ್ಟಿಗೆ ನುಗ್ಗಿಬಂತು. ತಂಗಿಯ ಮನೆಯಲ್ಲಿ ಊಟಕ್ಕೆ ನಿಲ್ಲಲಿಲ್ಲ. ಕಟಪಾಡಿಗೆ ಬಸ್ಸು ಹತ್ತಿದೆ. ಜಂಕ್ಷನ್ನಿನಲ್ಲಿ ಇಳಿದು ಆಟೋ ಹಿಡಿಯದೆ ನಡೆದೇ ಹೋದೆ, ಏಕೆಂದರೆ ಅಲ್ಲಿನ ಆಟೋ ನಿಲ್ದಾಣದಲ್ಲಿ ಈಗ ಲಾರೆನ್ಸ್ ಪೊರ್ಬುಗಳು ಆಟೋ ಓಡಿಸುತ್ತಾರೆ. ಗುಡ್ಡದ ಬುಡ ತಲುಪುವಾಗ ಅಂಗಿ ಬೆನ್ನಿಗೆ ಅಂಟಿತ್ತು. ಬಾಯಿ ಜಗಲಿಯಲ್ಲಿ ಕುಳಿತು ಮೊಗ್ಗು ಕಟ್ಟುತ್ತಿದ್ದರು. ಕೂದಲು ನೆರೆದಿತ್ತು. ಓ, ಶೇಖರಣ್ಣ, ದಾರಿ ತಪ್ಪಿತಾ ಎಂದು ನಕ್ಕರು. ಬಾವಿಗೆ ಬಲೆ ಹೊದೆಸಿ ಮುಚ್ಚಿದ್ದರು. ಪಂಚಾಯತಿನ ನಲ್ಲಿ ಬಂದಿತ್ತು.

ಕುಳಿತುಕೊಳ್ಳುವ ಮೊದಲೇ ಹೇಳಿಬಿಟ್ಟೆ. ಕುಳಿತರೆ ಹೇಳಲಾಗುತ್ತಿರಲಿಲ್ಲ. ಆ ದಿನ ವಾಸನೆ ಬಂದದ್ದು, ಕಾಗದದಲ್ಲಿ ಇಲ್ಲ ಎಂದು ಬರೆದದ್ದು, ಗೋಡೆಯ ಮೇಲಿನ ವರದಿಗೆ ಅರ್ಥವೇ ಇರಲಿಲ್ಲ ಎಂಬುದು, ಕುದಿಸಿ ಎಂದು ಹೇಳದೆ ತಲೆಯಾಡಿಸಿದ್ದು, ಹನುಮಂತ ಏನೂ ಮಾಡಿರಲಿಲ್ಲ ಎಂಬುದು. ಬಾಯಿ ಕೈಯಲ್ಲಿನ ಬಾಳೆನಾರನ್ನು ಬಿಡದೆ ಕೇಳಿದರು. 

ಕೊನೆಗೆ ಅವರು ಹೇಳಿದರು. "ಅವತ್ತು ನೀವು ಹೋದ ಮೇಲೆ ಲೋಟ ತೊಳೆಯಲಿಕ್ಕೆ ತೆಗೆದೆ ಶೇಖರಣ್ಣ. ಬೆಲ್ಲ ಇರಲಿಲ್ಲ. ನೀರು ಹಾಗೇ ಉಂಟು. ಅಂಥ ಬಿಸಿಲಿಗೆ ಬಂದವರು ಬೆಲ್ಲ ತಿಂದು ನೀರು ಮುಟ್ಟಲಿಲ್ಲ, ಎಂತ ಇದು ಅಂತ ಇವರ ಹತ್ತಿರ ಹೇಳಿದೆ. ಇವರು, ಬಾವಿಯ ವಿಷಯ ನಮಗಿಂತ ಅವರಿಗೆ ಗೊತ್ತುಂಟು, ಏನಾದರೂ ಇದ್ದರೆ ಹೇಳದೆ ಇರ್ತಾರಾ ಅಂದರು." ನಾರಿಗೆ ಒಂದು ಗಂಟು ಹಾಕಿ, "ಆಮೇಲೆ ಆ ಲೋಟದ ನೀರು ಇವರೇ ಕುಡಿದರು. ಚೆಲ್ಲುವುದೆಂತಕ್ಕೆ ಅಂತ," ಎಂದರು.

 ಮಣಿಪಾಲಕ್ಕೆ ಹೋಗಿ ನಿಜವನ್ನು ಬರೆದುಕೊಡುತ್ತೇನೆ ಎಂದೆ. ಬರೆಯಿರಿ ಎಂದರು. ಆದರೆ ಮೊದಲು ಹನುಮಂತನಿಗೆ ಹೇಳಿ, ಅವನು ಕಾರ್ಕಳದಲ್ಲಿ ಯಾವುದೋ ಶಾಲೆಯ ತೋಟ ನೋಡಿಕೊಳ್ತಾ ಇದ್ದಾನಂತೆ, ಮಲ್ಲಿಗೆ ಹೂ ಬಿಟ್ಟಾಗ ಫೋನು ಮಾಡಿದ್ದ, ಅವನ ಮೇಲೆ ನನಗೆ ಸಿಟ್ಟಿಲ್ಲ ಅಂತ ಹೇಳಿ ಕಳಿಸಿದ್ದೆನಲ್ಲ, ಅವನು ತಪ್ಪೇ ಮಾಡಿರಲಿಲ್ಲ, ಆ ಮಾತನ್ನು ನಾನು ವಾಪಸು ತೆಗೆದುಕೊಳ್ಳಬೇಕು ಎಂದರು.

ಆಮೇಲೆ ಎದ್ದು ಒಳಗೆ ಹೋದರು. ಇನ್ನು ಹೊರಡಬೇಕು ಎಂದು ನಾನು ಚಪ್ಪಲಿ ಹುಡುಕುತ್ತಿದ್ದಾಗ ಹೊರಗೆ ಬಂದರು. ತಟ್ಟೆಯಲ್ಲಿ ಬೆಲ್ಲದ ತುಂಡು, ಸ್ಟೀಲಿನ ಲೋಟದಲ್ಲಿ ನೀರು. ಕುದಿಸಿದ್ದು ಎಂದು ಹೇಳಿದರು. ನಾನು ಬೆಲ್ಲ ಮುಟ್ಟದೆ ಮೊದಲು ನೀರನ್ನು ಎತ್ತಿಕೊಂಡೆ. ಲೋಟ ಖಾಲಿಯಾಗುವವರೆಗೆ ಬಾಯಿ ಅಲ್ಲಿಂದ ಕದಲಲಿಲ್ಲ.